ಬಿಸಿಲಿನ ತಲೆಗೆ ಕಟ್ಟಿದ ತಪ್ಪು

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಬಿಸಿಲಿನ ಹೊಡೆತ ತಪ್ಪಲಿ ಎಂದು ಮಾಡಿದ ಏರ್ಪಾಡು ಇದು. ಆದರೆ ನೌಕರರ ಬೈಕುಗಳ ಮಟ್ಟಿಗೆ ಇದಕ್ಕಿಂತ ಕೆಟ್ಟ ವೇಳಾಪಟ್ಟಿ ಇರಲಾರದು. ನೆರಳಿಲ್ಲದ ಅಂಗಳದಲ್ಲಿ ಐದೂವರೆ ತಾಸು ಒಣಗಿ, ಟ್ಯಾಂಕು ಮುಟ್ಟಿದರೆ ಕೈ ಚುರ್ ಎನ್ನುವ ಹೊತ್ತಿಗೇ ಅವು ಮನೆಯ ದಾರಿ ಹಿಡಿಯಬೇಕು. ಅರ್ಧ ದಾರಿಯಲ್ಲಿ ಒಂದು ಗಾಡಿ ಎಳೆಯುವುದನ್ನು ಬಿಡುತ್ತದೆ, ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಸವಾರ ಅದನ್ನು ಬೇವಿನ ಮರದ ಬುಡಕ್ಕೆ ತಳ್ಳುತ್ತಾನೆ, ಸ್ವಲ್ಪ ಹೊತ್ತು ಕಾಯುತ್ತಾನೆ, ಕಿಕ್ ಹೊಡೆಯುತ್ತಾನೆ, ಗಾಡಿ ಶುರುವಾಗುತ್ತದೆ. ‘ಬಿಸಲಿಗಿ ಹೀಟ್ ಆಗ್ಯಾದ, ಮತ್ತೇನಿಲ್ಲ’ ಎಂದು ಪಕ್ಕದಲ್ಲಿ ನಿಂತವರು ಹೇಳುತ್ತಾರೆ. ಅಲ್ಲಿಗೆ ವಿಚಾರಣೆ ಮುಗಿಯಿತು. ನನ್ನ ತಕರಾರು ಇರುವುದು ಈ ಮುಕ್ತಾಯದ ಬಗ್ಗೆಯೇ. ಬಿಸಿಲಿಗೆ ನಿಲ್ಲುವ ಬೈಕುಗಳಲ್ಲಿ ಬಹುಪಾಲಿನೊಳಗೆ ಚಳಿಗಾಲದಿಂದಲೇ ಒಂದು ಸಣ್ಣ ದೋಷ ಕೂತಿರುತ್ತದೆ. ಬಿಸಿಲು ಅದನ್ನು ಹೊರಗೆ ಎಳೆದು ತೋರಿಸುತ್ತದೆ, ನಾವು ತೋರಿಸಿದವನ ಮೇಲೆಯೇ ತಪ್ಪು ಹೊರಿಸುತ್ತೇವೆ.

ಬಿಸಿಲಿನ ಪಾಲು ಎಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕಿಬಿಡೋಣ, ಏಕೆಂದರೆ ಅದು ಸೊನ್ನೆಯಂತೂ ಅಲ್ಲ. ಗಾಳಿ ಕಾದರೆ ಹಿಗ್ಗುತ್ತದೆ. ಸಿಲಿಂಡರಿನೊಳಗೆ ಹೋಗುವ ಗಾಳಿಯ ಗಾತ್ರ ಅಷ್ಟೇ ಇದ್ದರೂ ಅದರ ತೂಕ ಕಡಿಮೆಯಾಗುತ್ತದೆ, ಅದರೊಂದಿಗೆ ಆಮ್ಲಜನಕವೂ ಕಡಿಮೆಯಾಗುತ್ತದೆ. ಉಷ್ಣಾಂಶ 25 ಡಿಗ್ರಿಯಿಂದ 42ಕ್ಕೆ ಏರಿದರೆ ಈ ನಷ್ಟ ಶೇ 5ರಿಂದ 6ರಷ್ಟು. ಎಂಟು ಅಶ್ವಶಕ್ತಿಯ ನೂರು ಸಿಸಿ ಬೈಕಿನಲ್ಲಿ ಅರ್ಧ ಅಶ್ವಶಕ್ತಿಯೂ ಹೋಗಲಿಲ್ಲ ಎಂದಾಯಿತು. ಇದು ಸವಾರನ ಅನುಭವಕ್ಕೆ ಬರುತ್ತದೆಯೇ? ಅದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಕರ್ನಾಟಕದ ನಕ್ಷೆ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಸುಮಾರು 450 ಮೀಟರ್. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳುವಾಗುವುದರಿಂದ, ಬೆಂಗಳೂರಿನಲ್ಲಿ ಹಿತವಾದ 25 ಡಿಗ್ರಿಯ ದಿನ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.06 ಕಿಲೊ. ಕಲಬುರಗಿಯಲ್ಲಿ 42 ಡಿಗ್ರಿಯ ಮಧ್ಯಾಹ್ನವೂ ಹೆಚ್ಚುಕಡಿಮೆ ಅಷ್ಟೇ! ಉಸಿರಾಟದ ಮಟ್ಟಿಗೆ ಎರಡೂ ಊರಿನ ಎಂಜಿನ್‌ಗಳದು ಒಂದೇ ಸ್ಥಿತಿ. ಬೆಂಗಳೂರಿನವರು ಟ್ರಾಫಿಕ್ಕಿನಿಂದ ಹಿಡಿದು ಹೊಂಡದವರೆಗೆ ಎಲ್ಲದಕ್ಕೂ ಗೊಣಗುತ್ತಾರೆ, ಆದರೆ ಈ ಊರಿನ ಗಾಳಿಗೆ ಗಾಡಿ ಎಳೆಯುವುದಿಲ್ಲ ಎಂದು ಗೊಣಗಿದ್ದಿಲ್ಲ.

ಗಾಳಿ ತೆಳುವಾಗುವುದು ಒಂದು ಕಡೆ, ಎಂಜಿನ್ ತಣಿಯದಿರುವುದು ಇನ್ನೊಂದು ಕಡೆ ಎನ್ನಬಹುದು. ಸರಿಯಾದ ಮಾತು. ಗಾಳಿಯಿಂದ ತಣಿಯುವ ಎಂಜಿನ್ನಿನ ಸಿಲಿಂಡರ್ ಹೆಡ್ ಓಡುವಾಗ ಸಾಮಾನ್ಯವಾಗಿ 150ರಿಂದ 200 ಡಿಗ್ರಿ ಬಿಸಿ ಇರುತ್ತದೆ. ಲೆಕ್ಕಕ್ಕೆ 180 ಎಂದಿಟ್ಟುಕೊಳ್ಳಿ. ಹೊರಗೆ 25 ಇದ್ದಾಗ ಎರಡರ ನಡುವಿನ ಅಂತರ 155, ಹೊರಗೆ 42 ಇದ್ದಾಗ 138. ಶಾಖ ಹೊರಹೋಗುವ ರಭಸ ಈ ಅಂತರವನ್ನೇ ನೆಚ್ಚಿಕೊಂಡಿರುವುದರಿಂದ ತಣಿಯುವ ಶಕ್ತಿ ಶೇ 11ರಷ್ಟು ಇಳಿಯುತ್ತದೆ. ಹೆಡ್ಡು ಇನ್ನೊಂದು ಹದಿನೇಳು ಡಿಗ್ರಿ ಕಾದು 197ಕ್ಕೆ ಏರಿದರೆ ಲೆಕ್ಕ ಮತ್ತೆ ಸರಿಹೋಗುತ್ತದೆ. ಲೋಹವೂ ಒಳ್ಳೆಯ ಆಯಿಲೂ ಅಷ್ಟನ್ನು ತಡೆದುಕೊಳ್ಳುತ್ತವೆ, ತಯಾರಕರು ಆ ಅವಕಾಶ ಇಟ್ಟೇ ಎಂಜಿನ್ ಮಾಡಿರುತ್ತಾರೆ. ತೊಂದರೆ ಬರುವುದು ಆ ಅವಕಾಶವನ್ನು ನಾವು ಮೊದಲೇ ತಿಂದು ಮುಗಿಸಿದ್ದರೆ. ಎಂಜಿನ್ ಸುತ್ತಲಿನ ರೆಕ್ಕೆಗಳ ಸಂದಿನಲ್ಲಿ ಎರೆಮಣ್ಣು ಆಯಿಲಿಗೆ ಅಂಟಿ ಹೆಪ್ಪುಗಟ್ಟಿದೆ. ಒಂದು ಲೀಟರ್ ಇರಬೇಕಾದ ಆಯಿಲ್ ಮುಕ್ಕಾಲು ಲೀಟರಿಗೆ ಇಳಿದಿದೆ. ಮುಂದಿನ ಗಾರ್ಡಿಗೆ ಚೀಲ ಕಟ್ಟಿ ಗಾಳಿಯ ದಾರಿಯನ್ನೇ ಮುಚ್ಚಲಾಗಿದೆ. ಇಷ್ಟಾದ ಮೇಲೆ ಬರುವ ಹದಿನೇಳು ಡಿಗ್ರಿ ಕೊನೆಯ ಹುಲ್ಲುಕಡ್ಡಿ ಮಾತ್ರ.

‘ಆದರೆ ತಣ್ಣಗಾದ ಮೇಲೆ ಶುರುವಾಯಿತಲ್ಲ, ಅಂದ ಮೇಲೆ ಬಿಸಿಯೇ ಕಾರಣ ತಾನೆ?’ ಇದು ಎಲ್ಲರೂ ಹಾಕುವ ಪ್ರಶ್ನೆ, ಕೇಳಲು ಬಲವಾಗಿಯೂ ಇದೆ. ಇದರಲ್ಲಿ ಒಂದು ಸಣ್ಣ ಮೋಸವಿದೆ. ಗಾಡಿ ನಿಂತಿದ್ದ ಹೊತ್ತಿನಲ್ಲಿ ಎಂಜಿನ್ ತಣಿದಿದ್ದೊಂದೇ ನಡೆಯಲಿಲ್ಲ, ಬೇರೆ ಕೆಲವು ಕೆಲಸಗಳೂ ನಡೆದವು. ಯಾವುದು ನಡೆದದ್ದರಿಂದ ಗಾಡಿ ಎದ್ದಿತು ಎಂಬುದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ, ಅದು ಕೈಗಡಿಯಾರ. ಎಷ್ಟು ನಿಮಿಷ ಕಾದ ಮೇಲೆ ಶುರುವಾಯಿತು? ಎರಡು ನಿಮಿಷಕ್ಕೆ ಎದ್ದ ಗಾಡಿಯ ಕಾಯಿಲೆ ಬೇರೆ, ಅರ್ಧ ಗಂಟೆಗೆ ಎದ್ದ ಗಾಡಿಯ ಕಾಯಿಲೆ ಬೇರೆ. 180 ಡಿಗ್ರಿ ಕಾದ ಲೋಹದ ಮುದ್ದೆ ಎರಡು ನಿಮಿಷದಲ್ಲಿ ತಣಿಯುವುದಿಲ್ಲ. ಅಷ್ಟು ಬೇಗ ಗಾಡಿ ಎದ್ದಿದ್ದರೆ ಅದು ಬಿಸಿಯಿಂದ ನಿಂತಿದ್ದೇ ಅಲ್ಲ.

ಎರಡು ನಿಮಿಷದ ಗಾಡಿಯನ್ನೇ ಹತ್ತಿರದಿಂದ ನೋಡೋಣ. ಕಾರ್ಬುರೇಟರ್ ಇರುವ ಬೈಕಿನಲ್ಲಿ ಪೆಟ್ರೋಲ್ ತನ್ನ ಭಾರದಿಂದ ತಾನೇ ಟ್ಯಾಂಕಿನಿಂದ ಕೆಳಗಿಳಿಯುತ್ತದೆ. ಇಳಿದ ಪೆಟ್ರೋಲಿನ ಜಾಗಕ್ಕೆ ಗಾಳಿ ಬರಬೇಕು, ಅದಕ್ಕಾಗಿ ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಸಣ್ಣ ದಾರಿ ಇರುತ್ತದೆ. ಧೂಳು, ತೊಳೆಯುವಾಗ ನುಗ್ಗಿದ ನೀರು, ಒಳಗಿನ ತುಕ್ಕು ಸೇರಿ ಅದು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತದೆ. ಬಾಯಿಗೆ ಬೆರಳು ಒತ್ತಿದ ಬಾಟಲಿಯಿಂದ ನೀರು ಹೇಗೆ ಇಳಿಯುವುದಿಲ್ಲವೋ ಹಾಗೆ ಪೆಟ್ರೋಲ್ ನಿಲ್ಲುತ್ತದೆ. ಐದಾರು ಕಿಲೊಮೀಟರ್ ಚೆನ್ನಾಗಿ ಓಡಿದ ಗಾಡಿ ಮೊದಲು ಪಿಕಪ್ ಬಿಡುತ್ತದೆ, ಆಮೇಲೆ ಆಫ್ ಆಗುತ್ತದೆ. ನಿಂತಾಗ ಗಾಳಿ ಹೇಗೋ ಮೆಲ್ಲಗೆ ಒಳಸೇರಿ ನಾಲ್ಕು ಹನಿ ಇಳಿಯುತ್ತದೆ, ಗಾಡಿ ಮತ್ತೆ ಐದಾರು ಕಿಲೊಮೀಟರ್ ಹೋಗುತ್ತದೆ. ಪರೀಕ್ಷೆಗೆ ಕಾಸು ಬೇಕಿಲ್ಲ. ಗಾಡಿ ನಿಂತ ತಕ್ಷಣ ಇಗ್ನಿಷನ್ ಆಫ್ ಮಾಡಿ, ಹತ್ತಿರ ಬೀಡಿ ಸಿಗರೇಟು ಇಲ್ಲದ್ದನ್ನು ನೋಡಿಕೊಂಡು, ಮುಚ್ಚಳ ನಿಧಾನವಾಗಿ ತೆಗೆಯಿರಿ. ಹಳೆಯ ಪಂಪ್ ಸ್ಟವ್ವಿನ ಗಾಳಿ ಬಿಟ್ಟಂತೆ ‘ಸ್ಸ್’ ಎಂದು ಗಾಳಿ ಒಳಗೆಳೆದುಕೊಂಡು, ಮುಚ್ಚಳ ಹಾಕಿ ಕಿಕ್ ಹೊಡೆದ ಕೂಡಲೇ ಗಾಡಿ ಎದ್ದರೆ ಕಳ್ಳ ಸಿಕ್ಕಿಬಿದ್ದ. ಸ್ವಾರಸ್ಯವೇನೆಂದರೆ, ಈ ದೋಷಕ್ಕೂ ಬಿಸಿಲಿಗೂ ನಂಟೇ ಇಲ್ಲ. ಡಿಸೆಂಬರಿನಲ್ಲೂ ಗಾಡಿ ಹೀಗೆಯೇ ನಿಲ್ಲುತ್ತದೆ. ಆಗ ‘ಪೆಟ್ರೋಲಿನಾಗ ಕಸ ಬಂದಾದ’ ಎನ್ನುತ್ತೇವೆ, ಮೇ ತಿಂಗಳಲ್ಲಿ ‘ಹೀಟ್’ ಎನ್ನುತ್ತೇವೆ. ಋತುಮಾನಕ್ಕೆ ತಕ್ಕ ಹೆಸರು.

ಚಹಾ ಕುಡಿಯಲು ಹತ್ತು ನಿಮಿಷ ನಿಲ್ಲಿಸಿ ಬಂದಾಗ ಶುರುವಾಗದ ಗಾಡಿ ಬೇರೆ ಜಾತಿಯದು, ಇಲ್ಲಿ ಶಾಖದ ಪಾತ್ರ ನಿಜಕ್ಕೂ ಇದೆ. ಓಡುವಾಗ ಎದುರುಗಾಳಿಯೂ ಹರಿಯುವ ಹೊಸ ಪೆಟ್ರೋಲೂ ಕಾರ್ಬುರೇಟರನ್ನು ತಂಪಾಗಿಡುತ್ತವೆ. ನಿಲ್ಲಿಸಿದ ಕೂಡಲೇ ಎರಡೂ ನಿಲ್ಲುತ್ತವೆ, ಹೆಡ್ಡಿನ ಕಾವು ಮಾತ್ರ ಕಾರ್ಬುರೇಟರಿಗೆ ಏರುತ್ತಲೇ ಇರುತ್ತದೆ. ಪೆಟ್ರೋಲ್ ಹಲವು ದ್ರವಗಳ ಮಿಶ್ರಣವಾದ್ದರಿಂದ ಅದರ ಹಗುರವಾದ ಭಾಗ 35-40 ಡಿಗ್ರಿಗೇ ಕುದಿಯತೊಡಗುತ್ತದೆ. ಕಾರ್ಬುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲ್ ಉಕ್ಕಿ ಎಂಜಿನ್ನಿನೊಳಗೆ ಸೇರಿ ಓವರ್‌ಫ್ಲೋ ಆಗುತ್ತದೆ. ಆಗ ಸವಾರ ಚೋಕ್ ಎಳೆದು ಕಿಕ್ ಹೊಡೆದರೆ ಇನ್ನಷ್ಟು ಕೆಡುತ್ತದೆ. ಚೋಕ್ ಮುಟ್ಟದೆ, ಎಕ್ಸಿಲರೇಟರ್ ಪೂರ್ತಿ ತಿರುವಿ ಹಿಡಿದು ನಾಲ್ಕು ಕಿಕ್ ಹೊಡೆದರೆ ಹೆಚ್ಚಿನ ಪೆಟ್ರೋಲ್ ಹೊರಗೆ ತಳ್ಳಲ್ಪಟ್ಟು ಎಂಜಿನ್ ಎಚ್ಚರವಾಗುತ್ತದೆ. ಟ್ಯಾಂಕಿಗೆ ಒದ್ದೆ ಗೋಣಿಚೀಲ ಹೊದಿಸುವ ನಮ್ಮ ಕಡೆಯ ರೂಢಿ ಮೂಢನಂಬಿಕೆಯೇನಲ್ಲ, ಇಂಥ ಗಾಡಿಗೆ ಅದು ಉಪಯೋಗಕ್ಕೆ ಬರುತ್ತದೆ. ಅದೇ ನೀರನ್ನು ಕಾದ ಸಿಲಿಂಡರಿಗೆ ಎರಚಬಾರದು, ಒಮ್ಮೆಗೇ ತಣಿದ ಲೋಹ ಬಿರುಕು ಬಿಟ್ಟೀತು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಬಂದ ಮೇಲೆ ಮಾರಾಟವಾದ ಬೈಕುಗಳಲ್ಲಿ ಹೆಚ್ಚಿನವು ಫ್ಯೂಯೆಲ್ ಇಂಜೆಕ್ಷನ್‌ನವು. ಅವುಗಳಲ್ಲಿ ಟ್ಯಾಂಕಿನೊಳಗಿನ ಪಂಪು ವಾತಾವರಣದ ಒತ್ತಡದ ಸುಮಾರು ಮೂರು ಪಟ್ಟಿನಲ್ಲಿ ಪೆಟ್ರೋಲ್ ತಳ್ಳುವುದರಿಂದ ಅದು ಪೈಪಿನಲ್ಲಿ ಸುಲಭಕ್ಕೆ ಕುದಿಯುವುದಿಲ್ಲ. ಹೊಸ ಗಾಡಿಯವರು ‘ಪೆಟ್ರೋಲ್ ಕುದ್ದುಹೋಯ್ತು’ ಎಂದರೆ ನಂಬುವ ಮೊದಲು ಬ್ಯಾಟರಿ, ಪಂಪು ನೋಡುವುದು ಒಳ್ಳೆಯದು.

ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಬೇಡುವ ಗಾಡಿಗಳಲ್ಲಿ ಅನುಮಾನ ಇಬ್ಬರ ಮೇಲೆ. ಒಂದು, ಕಿಡಿ ಕೊಡುವ ಕಾಯಿಲ್. ಅದರೊಳಗೆ ಕೂದಲಿನಂಥ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿರುತ್ತದೆ. ಎಲ್ಲೋ ಒಂದು ಕಡೆ ಕಣ್ಣಿಗೆ ಕಾಣದ ಸೀಳು ಇದ್ದರೆ, ತಣ್ಣಗಿರುವಾಗ ಎರಡು ತುದಿಯೂ ತಾಗಿಕೊಂಡಿರುತ್ತವೆ, ಕಾದಾಗ ಹಿಗ್ಗಿ ದೂರವಾಗುತ್ತವೆ. ಗಾಡಿ ನಿಂತ ಜಾಗದಲ್ಲೇ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ಹೋಲಿನಿಂದ ದೂರದಲ್ಲಿ ಎಂಜಿನ್ ಲೋಹಕ್ಕೆ ತಾಗಿಸಿ ಕಿಕ್ ಹೊಡೆದಾಗ ನೀಲಿ ಕಿಡಿಯ ಬದಲು ಕೆಂಪಗಿನ ಬಡಕಲು ಕಿಡಿ ಬಂದರೆ, ಅಥವಾ ಬಾರದೇ ಹೋದರೆ, ಉತ್ತರ ಸಿಕ್ಕಂತೆ. ಇದೇ ಕಾಯಿಲನ್ನು ಸಂಜೆ ಗ್ಯಾರೇಜಿನಲ್ಲಿ ಮೀಟರ್ ಹಿಡಿದು ನೋಡಿದರೆ ಅದು ಸಾಧುವಿನಂತೆ ಸರಿಯಾದ ಅಂಕಿಯನ್ನೇ ತೋರಿಸುತ್ತದೆ.

ಇನ್ನೊಂದು ಅನುಮಾನ ಟ್ಯಾಪೆಟ್ ಮೇಲೆ, ಇದನ್ನು ಕೊಂಚ ಬಿಡಿಸಿ ಹೇಳಬೇಕು. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಒಂದು ಸಂದು ಬಿಡಬೇಕು. ಸಣ್ಣ ಬೈಕುಗಳಲ್ಲಿ ಅದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಿಂದ ಹತ್ತನೇ ಒಂದು ಭಾಗದಷ್ಟು, ಎಂದರೆ ಒಂದು ಹಾಳೆ ಕಾಗದದ ದಪ್ಪದ ಆಸುಪಾಸು. ವಾಲ್ವ್ ಕಾದು ಉದ್ದವಾದಾಗ ಹಿಗ್ಗಲು ಬಿಟ್ಟ ಜಾಗ ಅದು. ವರ್ಷಗಟ್ಟಲೆ ಬಡಿದೂ ಬಡಿದೂ ವಾಲ್ವ್ ತನ್ನ ಪೀಠದಲ್ಲಿ ಒಳಗೆ ಕುಸಿದಂತೆ ಈ ಸಂದು ಕಿರಿದಾಗುತ್ತ ಬರುತ್ತದೆ. ಸಂದು ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಕಡಿಮೆಯಾದರೆ ಸದ್ದೇ ಇಲ್ಲ. ‘ಎಂಜಿನ್ ಎಷ್ಟು ಸೈಲೆಂಟ್ ನೋಡ್ರಿ’ ಎಂದು ಹೆಮ್ಮೆಪಡುವ ಗಾಡಿಗಳಲ್ಲಿ ಕೆಲವು ಈ ಕಾಯಿಲೆಯವು. ಸದ್ದು ಕೇಳದಿರಲಿ ಎಂದು ಗಿರಾಕಿಯೇ ಪೀಡಿಸಿ ಟ್ಯಾಪೆಟ್ ಟೈಟ್ ಮಾಡಿಸಿಕೊಳ್ಳುವುದೂ ಉಂಟು. ಸಂದು ಸೊನ್ನೆಯಾದ ಎಂಜಿನ್ ಬೆಳಿಗ್ಗೆ ಚೆನ್ನಾಗಿ ಓಡುತ್ತದೆ. ಪೂರ್ತಿ ಕಾದ ಮೇಲೆ ಎಕ್ಸಾಸ್ಟ್ ವಾಲ್ವ್ ಮುಚ್ಚಿಕೊಳ್ಳಬೇಕಾದಾಗ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ, ಕಿಕ್ಕರ್ ಒತ್ತಿದರೆ ಪಾದಕ್ಕೆ ಎಂದಿನ ಬಿಗಿ ಸಿಗದೆ ಸಡಿಲ ಹೊಡೆಯುತ್ತದೆ. ಆ ಪಾದದ ಅನುಭವವೇ ರಸ್ತೆಯಲ್ಲಿ ಸಿಗುವ ಪರೀಕ್ಷೆ. ವಾಲ್ವ್ ತನ್ನ ಬಿಸಿಯನ್ನು ಬಿಡುವುದೇ ಪೀಠಕ್ಕೆ ತಾಗಿ ಕೂತಾಗ. ಕೂರಲು ಜಾಗವಿಲ್ಲದಿದ್ದರೆ ಅದರ ಅಂಚು ಸುಡುತ್ತ ಹೋಗುತ್ತದೆ. ರಾತ್ರಿಯಿಡೀ ತಣಿದ ಎಂಜಿನ್ನಿನಲ್ಲಿ ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ಹತ್ತು ನಿಮಿಷ ಮಾಡುವ ಕೆಲಸವನ್ನು ‘ಹೀಟ್’ ಎಂಬ ಮಾತಿನ ಮೇಲೆ ಒಂದು ಬೇಸಿಗೆ ಮುಂದೂಡಿದರೆ ಹೆಡ್ ಬಿಚ್ಚುವ ಖರ್ಚು ಬರುತ್ತದೆ.

‘ಎಳೆಯುವುದಿಲ್ಲ’ ಎಂಬ ದೂರಿನ ಹಿಂದೆ ಎಂಜಿನ್ನೇ ಇಲ್ಲದಿರಬಹುದು. ಎಂಜಿನ್ ಸದ್ದು ಏರುತ್ತಿದೆ, ವೇಗ ಏರುತ್ತಿಲ್ಲ ಎಂದಾದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ನಮ್ಮ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಡಬ್ಬದ ಮೇಲೆ ಬೈಕ್ ಕ್ಲಚ್ಚಿಗೆ ಒಪ್ಪುವ ಆಯಿಲಿನ ಗುರುತಾದ ‘ಜಾಸೊ ಎಂಎ’ ಇಲ್ಲದ, ಕಾರಿಗೆಂದು ಮಾಡಿದ ಆಯಿಲ್ ಹಾಕಿದ್ದರೆ ಕ್ಲಚ್ ಜಾರುವ ಸಾಧ್ಯತೆ ಹೆಚ್ಚು. ಹಿಂದಿನ ಬ್ರೇಕ್ ಹಿಡಿದುಕೊಂಡಿದ್ದರೂ ಚೈನು ವಿಪರೀತ ಬಿಗಿಯಿದ್ದರೂ ಗಾಡಿ ಮಂದವಾಗುತ್ತದೆ. ಮಧ್ಯದ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಗೊತ್ತಾಗುತ್ತದೆ.

ಈಗ ಎಲ್ಲರ ಬಾಯಲ್ಲಿರುವ ಇನ್ನೊಂದು ಆಕ್ಷೇಪ: ಇದೆಲ್ಲ ಪೆಟ್ರೋಲಿಗೆ ಎಥೆನಾಲ್ ಬೆರೆಸಿದ್ದರ ಫಲ. ಇದನ್ನು ತಳ್ಳಿಹಾಕುವುದು ಸರಿಯಲ್ಲ, ಪೂರ್ತಿ ಒಪ್ಪುವುದೂ ಸರಿಯಲ್ಲ. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ನೀತಿ ಆಯೋಗದ 2021ರ ವರದಿಯೇ ಶೇ 20ರ ಮಿಶ್ರಣದಿಂದ ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳ ಮೈಲೇಜು ಶೇ 3ರಿಂದ 4ರಷ್ಟು ಇಳಿಯಬಹುದು ಎಂದು ಅಂದಾಜಿಸಿತ್ತು. ಉರಿಯಲು ಎಥೆನಾಲ್‌ಗೆ ಬೇಕಾದ ಗಾಳಿಯೂ ಕಡಿಮೆ. ಶುದ್ಧ ಪೆಟ್ರೋಲಿಗೆ ಅಳತೆ ಮಾಡಿ ಕೂಡಿಸಿದ ಹಳೆಯ ಕಾರ್ಬುರೇಟರಿನ ಜೆಟ್ಟಿಗೆ ಇದು ತಿಳಿಯುವುದಿಲ್ಲ, ಹಾಗಾಗಿ ಗಾಳಿ-ಪೆಟ್ರೋಲಿನ ಮಿಶ್ರಣ ಶೇ 7-8ರಷ್ಟು ಲೀನ್ ಆಗುತ್ತದೆ, ಎಂದರೆ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾಗುತ್ತದೆ. ಲೀನ್ ಮಿಶ್ರಣ ಪಿಕಪ್ ಕಳೆಯುತ್ತದೆ, ಎಂಜಿನ್ ಬಿಸಿಯನ್ನೂ ಏರಿಸುತ್ತದೆ. ಇಷ್ಟು ನಿಜ. ಆದರೆ ಅದೇ ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಹೆಚ್ಚು ಶಾಖ ಹೀರುತ್ತದೆ, ಅದರ ಆಕ್ಟೇನ್ ಹೆಚ್ಚಿರುವುದರಿಂದ ಎಂಜಿನ್ ನಾಕ್ ಮಾಡುವುದೂ ಕಡಿಮೆಯಾಗುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಬೈಕು ಮಿಶ್ರಣವನ್ನು ತಾನೇ ತಿದ್ದಿಕೊಳ್ಳುತ್ತದೆ. ಹಾಗಾಗಿ ಎಥೆನಾಲ್ ಆರೋಪ ನಿಲ್ಲುವುದು ಹಳೆಯ ಕಾರ್ಬುರೇಟರ್ ಬೈಕುಗಳ ಮೇಲೆ ಮಾತ್ರ. ಅವುಗಳಲ್ಲೂ ಎಷ್ಟೋ ಗಾಡಿಗಳು ಮೊದಲೇ ಲೀನ್ ಆಗಿರುತ್ತವೆ: ಮೈಲೇಜ್ ಆಸೆಗೆ ಸ್ಕ್ರೂ ತಿರುಗಿಸಿದ್ದು, ಅರ್ಧ ಕಟ್ಟಿದ ಜೆಟ್, ಕಾರ್ಬುರೇಟರಿನ ಹಿಂದೆ ಸೀಳಿದ ರಬ್ಬರ್. ಪ್ಲಗ್ಗಿನ ತುದಿ ಕಂದುಬಣ್ಣದ ಬದಲು ಸುಣ್ಣದಂತೆ ಬಿಳಿಚಿದ್ದರೆ ಅದೇ ಸುಳಿವು. ಒಂದು ಪಕ್ಕದ ಮಾತು: ಬೇಸಿಗೆಯಲ್ಲಿ ಟ್ಯಾಂಕ್ ತುಂಬಿಸಿದರೆ ಸ್ಫೋಟವಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ಪ್ರತಿ ವರ್ಷ ಮಾವಿನಹಣ್ಣಿನ ಜೊತೆಗೇ ಬರುತ್ತದೆ. ಅದು ಸುಳ್ಳು. ಆದರೆ ಕತ್ತಿನವರೆಗೆ ತುಂಬಿಸುವುದೂ ತಪ್ಪು. ಆವಿ ಹಿಡಿದಿಡಲು ಈಚಿನ ಬೈಕುಗಳಲ್ಲಿ ಇರುವ ಇದ್ದಿಲಿನ ಡಬ್ಬಿಗೆ ದ್ರವ ಪೆಟ್ರೋಲ್ ಸೇರಿದರೆ ಬಿಸಿ ಎಂಜಿನ್ ಶುರುವಾಗಲು ಸತಾಯಿಸುತ್ತದೆ. ಅದಕ್ಕೂ ‘ಹೀಟ್’ ಎಂಬ ಹೆಸರೇ ಬೀಳುತ್ತದೆ.

ಬಿಸಿಲಿನ ಬಗೆಗಿನ ಈ ಭಯ ಶೂನ್ಯದಿಂದ ಹುಟ್ಟಿದ್ದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿಗಳು ಟೂ-ಸ್ಟ್ರೋಕ್ ಗಾಡಿಗಳು. ಅವುಗಳ ಪಿಸ್ಟನ್ನಿಗೆ ಆಯಿಲ್ ಸಿಗುತ್ತಿದ್ದುದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆ ಹೋದರೆ ಆಯಿಲೂ ಕಡಿಮೆ, ಅದರ ಮೇಲೆ ಬಿಸಿಲು ಬಿದ್ದರೆ ಪಿಸ್ಟನ್ ಸೀಜ್. ಆ ಗಾಡಿ ಓಡಿಸಿದ ತಲೆಮಾರು ಮಧ್ಯಾಹ್ನ ಹೊರಡಬೇಡ ಎಂದು ಮಕ್ಕಳಿಗೆ ಹೇಳಿದ್ದರಲ್ಲಿ ಅರ್ಥವಿತ್ತು. ಆಯಿಲ್ ಬೇರೆಯಾಗಿ ತುಂಬಿಕೊಂಡ ಇಂದಿನ ಫೋರ್-ಸ್ಟ್ರೋಕ್ ಗಾಡಿಗೆ ಆ ಮಾತು ಹಾಗೆಯೇ ಅಂಟಿಕೊಂಡಿದೆ, ಅಷ್ಟೇ.

ಕೊನೆಯ ಆಕ್ಷೇಪ ಗ್ಯಾರೇಜಿನವರದು, ಅದಕ್ಕೆ ಉತ್ತರ ಕೊಡುವುದೇ ಎಲ್ಲಕ್ಕಿಂತ ಕಷ್ಟ. ಗಾಡಿ ಬಿಸಿಯಲ್ಲಿದ್ದಾಗಲೇ ನೋಡಬೇಕು ಎನ್ನುವುದು ಸುಲಭ. ಆದರೆ ಗಿರಾಕಿ ಬರುವುದು ಸಂಜೆ ಆರಕ್ಕೆ. ಆಗ ಗಾಡಿ ಒಂದೇ ಕಿಕ್‌ಗೆ ಶುರುವಾಗಿ ಮೆಕ್ಯಾನಿಕ್‌ನನ್ನು ಅಣಕಿಸುತ್ತದೆ. ಅವನು ತಾನೇ ಏನು ಮಾಡಬೇಕು? ಪ್ಲಗ್ ಬದಲಿಸುತ್ತಾನೆ, ಏರ್ ಫಿಲ್ಟರ್ ಊದುತ್ತಾನೆ, ಆಯಿಲ್ ಹಾಕುತ್ತಾನೆ. ಮರುದಿನ ಗಾಡಿ ಮತ್ತೆ ಅದೇ ಬೇವಿನ ಮರದ ಕೆಳಗೆ. ಮೆಕ್ಯಾನಿಕ್‌ನ ಕೈಗೆ ಸಿಗದ ಆ ಬಿಸಿ ಗಳಿಗೆಯನ್ನು ಸವಾರನೇ ಅವನಿಗೆ ಒಪ್ಪಿಸಬೇಕು. ಎಷ್ಟು ಕಿಲೊಮೀಟರ್ ಓಡಿದ ಮೇಲೆ ನಿಂತಿತು, ಒಮ್ಮೆಗೇ ಆಫ್ ಆಯಿತೋ ಮೆಲ್ಲಗೆ ಸೊರಗಿತೋ, ಮುಚ್ಚಳ ತೆಗೆದಾಗ ಗಾಳಿ ಎಳೆಯಿತೋ ಇಲ್ಲವೋ, ಕಿಕ್ಕರ್ ಬಿಗಿಯಿತ್ತೋ ಸಡಿಲವೋ, ಎಷ್ಟು ನಿಮಿಷಕ್ಕೆ ಎದ್ದಿತು. ಈ ಐದು ಮಾತು ತಂದವನಿಗೆ ಒಳ್ಳೆಯ ಮೆಕ್ಯಾನಿಕ್ ಪಾನೆ ಎತ್ತುವ ಮೊದಲೇ ಅರ್ಧ ಉತ್ತರ ಹೇಳುತ್ತಾನೆ. ಅದಕ್ಕಿಂತ ಒಳ್ಳೆಯದೆಂದರೆ ಗಾಡಿ ನಿಂತ ಗಳಿಗೆಯಲ್ಲೇ ತಳ್ಳಿಕೊಂಡು ಹೋಗಿ ಅವನ ಮುಂದೆ ನಿಲ್ಲಿಸುವುದು. ಅದಕ್ಕೊಂದೇ ಅಡ್ಡಿ: ಆ ಒಂದೂವರೆ-ಎರಡು ಗಂಟೆಯ ಉರಿಯಲ್ಲಿ ಗ್ಯಾರೇಜಿನ ಶಟರ್ ಅರ್ಧ ಇಳಿದಿರುತ್ತದೆ, ಮೆಕ್ಯಾನಿಕ್ ಊಟ ಮುಗಿಸಿ ಒಳಗೆ ಅಡ್ಡಾಗಿರುತ್ತಾನೆ.